ಯಾವ ಪಿಕಪ್ ತಗೊಳ್ಳಲಿ? ಮೊದಲು ಬಾಗಿಲು ತೆಗೆದು ನೋಡಿ

"ಅಣ್ಣಾ, ಪಿಕಪ್ ತಗೋಬೇಕು ಅಂತಿದೀನಿ. ಫೋರ್ಡ್ ಒಳ್ಳೇದಾ, ಶೆವಿನಾ? ರ‍್ಯಾಮ್ ಹೇಗೆ? ಸುಮ್ನೆ ಟೊಯೋಟಾನೇ ತಗೊಂಡುಬಿಡ್ಲಾ?"

ತಿಂಗಳಿಗೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಾಗ ಕೇಳುತ್ತಾರೆ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲೂ ಕೇಳುತ್ತಾರೆ. ನಾನು ಟೆಕ್ಸಸ್‌ಗೆ ಬಂದು ಹದಿನಾರು ವರ್ಷ ಆಯಿತು, ಅದರಲ್ಲಿ ಹನ್ನೆರಡು ವರ್ಷ ಪಿಕಪ್ ಓಡಿಸಿದ್ದೇನೆ. ಊರ ಹೊರಗೆ ಸ್ವಲ್ಪ ಜಮೀನಿದೆ. ಗೊಬ್ಬರ, ಮರದ ಹಲಗೆ, ಬೇಲಿ ಕಂಬ, ಚಿಕ್ಕ ಟ್ರ್ಯಾಕ್ಟರ್ ಎಲ್ಲ ಇದರಲ್ಲೇ ಓಡಾಡುತ್ತವೆ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಉತ್ತರ ಒಂದು ಕಡೆ ಬರೆದಿಡುತ್ತಿದ್ದೇನೆ.

ಕೇಳಿದವರಿಗೆ ನಾನು ಮೊದಲು ಕಂಪನಿ ಹೆಸರು ಹೇಳುವುದಿಲ್ಲ. "ಏನು ಹೊರಿಸ್ತೀರಿ?" ಅಂತ ಕೇಳುತ್ತೇನೆ. ಬಹಳ ಜನ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅಷ್ಟು ದೊಡ್ಡ ಗಾಡಿ ಏನು ಬೇಕಾದರೂ ಹೊರುತ್ತದೆ ಅಂತ ಅವರು ನಂಬಿರುತ್ತಾರೆ. ನಾನೂ ನಂಬಿದ್ದೆ.

ಈಗ ನಮ್ಮೂರಿನ ಲೆಕ್ಕ ನೋಡಿ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಮೂಟೆ ತರುವ ಬೊಲೆರೋ ಪಿಕಪ್ ಇದೆಯಲ್ಲ, ಅದರಲ್ಲಿ 1.7 ಟನ್ ಮಾದರಿ ಅಂತಲೇ ಒಂದು ಬರುತ್ತದೆ. ಅಂದರೆ 1,700 ಕಿಲೋ ಹೊರುವ ಗಾಡಿ. 2005ರಲ್ಲಿ ಬಂದ ಪುಟ್ಟ ಟಾಟಾ ಏಸ್ ಕೂಡ ಸುಮಾರು 750 ಕಿಲೋ ಹೊರುತ್ತದೆ. ಇಲ್ಲಿ ಅರವತ್ತೈದು ಸಾವಿರ ಡಾಲರ್ ಕೊಟ್ಟು ತರುವ, ಚರ್ಮದ ಸೀಟಿನ, ನಾಲ್ಕು ಬಾಗಿಲಿನ ದೈತ್ಯ ಪಿಕಪ್ ಎಷ್ಟು ಹೊರುತ್ತದೆ? ಎಷ್ಟೋ ಗಾಡಿಗಳಲ್ಲಿ 1,400ರಿಂದ 1,500 ಪೌಂಡ್. ಕಿಲೋ ಲೆಕ್ಕದಲ್ಲಿ 635ರಿಂದ 680. ಟಾಟಾ ಏಸ್‌ಗಿಂತ ಕಮ್ಮಿ! ಅದರಲ್ಲೂ ಒಳಗೆ ಕೂತ ಜನರ ತೂಕವೂ ಸೇರಿತು.

ಇದು ಮೋಸ ಅಲ್ಲ. ಬೊಲೆರೋ ಪಿಕಪ್ಪನ್ನು ಮೂಟೆಗಾಗಿ ಮಾಡಿದ್ದಾರೆ. ಅಮೆರಿಕದ ಪಿಕಪ್ ಇವತ್ತು ಮನೆಮಂದಿಯ ಕಾರು. ಐದು ಜನ ಆರಾಮಾಗಿ ಕೂತು ಗಂಟೆಗೆ 75 ಮೈಲಿಯಲ್ಲಿ ಹೋಗಬೇಕು, ಕುಲುಕಬಾರದು, ಸದ್ದು ಬರಬಾರದು. ಅದಕ್ಕೆ ಸ್ಪ್ರಿಂಗ್ ಮೆತ್ತಗಿರುತ್ತವೆ, ಗಾಡಿಯೇ ಎರಡು ಟನ್‌ಗಿಂತ ಜಾಸ್ತಿ ತೂಗುತ್ತದೆ. ಫೋರ್ಡ್ ಎಫ್-150, ಶೆವಿ ಸಿಲ್ವರಾಡೋ 1500, ರ‍್ಯಾಮ್ 1500 ಅನ್ನುವ ವರ್ಗವನ್ನು ಇಲ್ಲಿಯವರು ಈಗಲೂ 'ಹಾಫ್ ಟನ್' ಅಂತಾರೆ. ಅದು ಹಳೇ ಕಾಲದ ಹೆಸರು. ನಿಜವಾದ ಲೆಕ್ಕ ಬೇರೆ ಕಡೆ ಇದೆ.

ಎಲ್ಲಿ ಅಂದರೆ, ಡ್ರೈವರ್ ಬಾಗಿಲಲ್ಲಿ. ಬಾಗಿಲು ತೆಗೆದರೆ ಚೌಕಟ್ಟಿನ ಕಂಬದ ಮೇಲೆ ಹಳದಿ-ಬಿಳಿ ಬಣ್ಣದ ಒಂದು ಸ್ಟಿಕ್ಕರ್ ಇರುತ್ತದೆ. ಟೈರಿಗೆ ಎಷ್ಟು ಗಾಳಿ ಹಾಕಬೇಕು ಅನ್ನುವುದರ ಜೊತೆಗೆ ಅದರಲ್ಲಿ ಒಂದು ಸಾಲು ಇದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಅಥವಾ ಇಷ್ಟು ಪೌಂಡ್ ಮೀರಬಾರದು. ಅದೇ ನಿಮ್ಮ ಗಾಡಿಯ ಪೇಲೋಡ್. ನಿಮ್ಮ ಗಾಡಿಯದು ಅಂದರೆ ನಿಮ್ಮದೇ ಗಾಡಿಯದು, ಆ ಮಾಡೆಲ್‌ನದ್ದಲ್ಲ. ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವ ಅಂಕಿ ಬೇರೆ ಯಾವುದೋ ಖಾಲಿ, ಬೋಳು ಗಾಡಿಯದು.

ಹೋದ ವರ್ಷ ಒಬ್ಬ ಗೆಳೆಯನ ಜೊತೆ ಶೋರೂಮಿಗೆ ಹೋಗಿದ್ದೆ. ಬಿಸಿಲಿನಲ್ಲಿ ಒಂದರ ಪಕ್ಕ ಒಂದು ಎರಡು ಪಿಕಪ್ (ಇಲ್ಲಿ ಇದನ್ನೇ ಟ್ರಕ್ ಅಂತಾರೆ) ನಿಂತಿದ್ದವು. ಒಂದೇ ಕಂಪನಿ, ಒಂದೇ ಮಾಡೆಲ್, ಬಣ್ಣವೂ ಒಂದೇ. ಮೊದಲನೆಯದರ ಬಾಗಿಲು ತೆಗೆದೆವು. 1,890 ಪೌಂಡ್. ಎರಡನೆಯದರಲ್ಲಿ 1,430. ಗೆಳೆಯ ಎರಡು ಸಲ ಓದಿದ. 460 ಪೌಂಡ್ ಎಲ್ಲಿ ಹೋಯಿತು? ಎರಡನೆಯದಕ್ಕೆ ನಾಲ್ಕು ಚಕ್ರದ ಡ್ರೈವ್ ಇತ್ತು, ಗಾಜಿನ ಸೂರು ಇತ್ತು, ಬಾಗಿಲು ತೆಗೆದರೆ ತಾನೇ ಇಳಿಯುವ ಮೆಟ್ಟಿಲು ಇತ್ತು, ದೊಡ್ಡ ಚಕ್ರ ಇತ್ತು, ಎಂಜಿನ್ನೂ ದೊಡ್ಡದು. ಗಾಡಿ ಒಟ್ಟು ಎಷ್ಟು ತೂಗಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಕಂಪನಿ ಹಾಕಿದ ಪ್ರತಿ ಅಲಂಕಾರವೂ ಆ ಮಿತಿಯಲ್ಲಿ ನಿಮ್ಮ ಪಾಲನ್ನು ತಿನ್ನುತ್ತದೆ. ಬೆಲೆ ಏರಿದ ಹಾಗೆ ಹೊರುವ ಶಕ್ತಿ ಇಳಿಯುತ್ತದೆ. ಇದನ್ನು ಸೇಲ್ಸ್‌ನವರು ತಾವಾಗಿ ಹೇಳಿದ್ದು ನಾನು ಕಾಣೆ.

ಅವರು ಹೇಳುವುದು ಎಳೆಯುವ ಲೆಕ್ಕ. "11 ಸಾವಿರ ಪೌಂಡ್ ಎಳೆಯತ್ತೆ ಸರ್." ಸುಳ್ಳಲ್ಲ. 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಹೆದ್ದಾರಿ ಸೇತುವೆ ದಾಟಿಸಿದ್ದು ಒಂದು ಟೊಯೋಟಾ ಟಂಡ್ರಾ. ನೌಕೆ, ಅದರ ಕೆಳಗಿನ ಬಂಡಿ ಸೇರಿ ಸುಮಾರು 3 ಲಕ್ಷ ಪೌಂಡ್ ಇತ್ತು. ಸಮತಟ್ಟು ನೆಲದಲ್ಲಿ ಮೆಲ್ಲಗೆ ಎಳೆಯುವುದು ಬೇರೆ, ಬೆನ್ನ ಮೇಲೆ ಹೊರುವುದು ಬೇರೆ. ಆದರೆ ಹಿಂದೆ ಟ್ರೈಲರ್ ಕಟ್ಟಿದರೆ ಎರಡೂ ಸೇರಿಬಿಡುತ್ತವೆ. ಇಲ್ಲೇ ನಾನು ಎಡವಿದ್ದು.

ನನ್ನ ಮೊದಲ ಟ್ರಕ್ಕಿನ ಸ್ಟಿಕ್ಕರ್ 1,480 ಪೌಂಡ್ ಅಂತ ಹೇಳುತ್ತಿತ್ತು. ಕೊಳ್ಳುವಾಗ ಅದನ್ನು ನಾನು ಓದಿರಲಿಲ್ಲ. ಬಿಗ್ ಬೆಂಡ್ ರಾಷ್ಟ್ರೀಯ ಪಾರ್ಕ್‌ಗೆ ಹೋಗೋಣ ಅಂತ 7,000 ಪೌಂಡಿನ ಕ್ಯಾಂಪಿಂಗ್ ಟ್ರೈಲರ್ ಕಟ್ಟಿಕೊಂಡು ಹೊರಟೆವು. 11 ಸಾವಿರ ಎಳೆಯುವ ಗಾಡಿಗೆ 7,000 ಯಾವ ಲೆಕ್ಕ, ಅಲ್ವಾ? ಕೆರ್‌ವಿಲ್ ದಾಟಿ ಪಶ್ಚಿಮಕ್ಕೆ ಹೋಗುವ ಐ-10 ರಸ್ತೆಯಲ್ಲಿ ಅಡ್ಡಗಾಳಿ ಜೋರಾಗಿತ್ತು. ಹದಿನೆಂಟು ಚಕ್ರದ ಲಾರಿಯೊಂದು ಪಕ್ಕದಲ್ಲಿ ದಾಟಿ ಹೋಯಿತು. ಅಷ್ಟೇ. ಟ್ರೈಲರ್ ಹಾವಿನ ಹಾಗೆ ಆಡಲು ಶುರುವಾಯಿತು. ಸ್ಟೀರಿಂಗ್ ಕೈಯಲ್ಲಿ ಹಗುರಾಗಿಬಿಟ್ಟಿತು. ಮುಂದಿನ ಚಕ್ರ ನೆಲಕ್ಕೆ ಸರಿಯಾಗಿ ಒತ್ತುತ್ತಿಲ್ಲ ಅಂತ ಅಂಗೈಗೇ ಗೊತ್ತಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು ಮಾತು ನಿಲ್ಲಿಸಿದ್ದರು. ಬ್ರೇಕ್ ತುಳಿಯಬಾರದು ಅನ್ನುವುದಷ್ಟು ಪುಣ್ಯಕ್ಕೆ ನೆನಪಿತ್ತು. ಆಕ್ಸಿಲರೇಟರ್ ಬಿಟ್ಟು, ಕೈಯಲ್ಲಿ ಟ್ರೈಲರ್ ಬ್ರೇಕ್ ಮಾತ್ರ ಮೆಲ್ಲಗೆ ಒತ್ತಿದೆ. ನೆಟ್ಟಗಾಯಿತು. ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸಿ ಹೆಂಡತಿ, ನಾನು ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು.

ಆಮೇಲೆ ಕೂತು ಕೂಡಿಸಿದೆ. ಟ್ರೈಲರ್ ತನ್ನ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗವನ್ನು ಮುಂದೆ, ಟ್ರಕ್ಕಿನ ಕೊಕ್ಕೆಯ ಮೇಲೆ ಊರುತ್ತದೆ. 7,000ಕ್ಕೆ ಅದು ಸುಮಾರು 875 ಪೌಂಡ್. ಕೊಕ್ಕೆಯ ಕಬ್ಬಿಣವೇ 90. ನಾನು, ಹೆಂಡತಿ, ಇಬ್ಬರು ಮಕ್ಕಳು ಸೇರಿ 455. ಹಿಂದೆ ಜನರೇಟರ್, ಸೌದೆ, ನೀರು, ಅಡುಗೆ ಸಾಮಾನು 200. ಒಟ್ಟು 1,620. ಸ್ಟಿಕ್ಕರ್‌ಗಿಂತ 140 ಪೌಂಡ್, ಅಂದರೆ 63 ಕಿಲೋ ಜಾಸ್ತಿ. ಎಳೆಯುವ ಮಿತಿಯಲ್ಲಿ ಇನ್ನೂ 4,000 ಪೌಂಡ್ ಬಾಕಿ ಇತ್ತು, ಹೊರುವ ಮಿತಿ ಮಾತ್ರ ಯಾವಾಗಲೋ ಮುಗಿದಿತ್ತು. ಅಷ್ಟು ಭಾರ ಹಿಂದೆ ಕೂತರೆ ಮುಂದಿನ ಚಕ್ರ ಹಗುರಾಗದೆ ಇನ್ನೇನಾಗುತ್ತದೆ?

ಹಾಗಂತ ಮುಂದಿನ ಭಾರ ಕಮ್ಮಿ ಮಾಡೋಣ ಅಂತ ಟ್ರೈಲರಿನ ಸಾಮಾನೆಲ್ಲ ಹಿಂದಕ್ಕೆ ತಳ್ಳಿದರೆ ಅದು ಇನ್ನೂ ಅಪಾಯ. ಎತ್ತಿನಗಾಡಿ ಹೂಡಿದವರಿಗೆ ಇದನ್ನು ವಿವರಿಸುವುದೇ ಬೇಡ. ನಮ್ಮ ತಾತ ಗಾಡಿ ತುಂಬುವಾಗ ಮೂಕಿ (ನೊಗಕ್ಕೆ ಸೇರುವ ಮುಂದಿನ ಮರ) ಹಿಡಿದು ಎತ್ತಿ ನೋಡುತ್ತಿದ್ದರು. ಮುಂಭಾರ ಜಾಸ್ತಿಯಾದರೆ ನೊಗ ಎತ್ತಿನ ಹೆಗಲಿಗೆ ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ, ಗಾಡಿ ಹಿಡಿತಕ್ಕೇ ಸಿಗುವುದಿಲ್ಲ. ಒಂದು ಮೂಟೆಯನ್ನು ಒಂದು ಗೇಣು ಮುಂದೆ ತಳ್ಳಿ ಮತ್ತೆ ಮೂಕಿ ಎತ್ತಿ ನೋಡುತ್ತಿದ್ದರು. ಇಂಗ್ಲಿಷ್‌ನಲ್ಲಿ ಟಂಗ್ ವೆಯ್ಟ್ ಅನ್ನುವುದು ಇದನ್ನೇ. ತಾತನ ಕೈಗೆ ಗೊತ್ತಿದ್ದದ್ದು ನನಗೆ ಐ-10 ರಸ್ತೆಯಲ್ಲಿ ಗೊತ್ತಾಯಿತು.

ಆದ್ದರಿಂದ ಕೊಳ್ಳುವ ಮೊದಲು ಒಂದು ಕಾಗದದ ಮೇಲೆ ಬರೆಯಿರಿ: ಮನೆಯವರ ತೂಕ, ಹಿಂದೆ ಹಾಕುವ ಸಾಮಾನು, ಟ್ರೈಲರ್ ಇದ್ದರೆ ಅದರ ತುಂಬಿದ ತೂಕದ ನೂರಕ್ಕೆ 15. ಕೂಡಿಸಿ. ಅದಕ್ಕಿಂತ ಒಂದು 200 ಪೌಂಡಾದರೂ ಜಾಸ್ತಿ ಇರುವ ಸ್ಟಿಕ್ಕರ್ ಹುಡುಕಿ. 2,000 ದಾಟಿದರೆ 2500 ವರ್ಗದ, ಅಂದರೆ ಮುಕ್ಕಾಲು ಟನ್ನಿನ ಗಾಡಿ ನೋಡಿ. ಅದು ಸ್ವಲ್ಪ ಕುಲುಕುತ್ತದೆ, ಇಂಧನ ಜಾಸ್ತಿ ಕುಡಿಯುತ್ತದೆ, ಆದರೆ ಭಾರದ ಕೆಲಸಕ್ಕೆ ಅದೇ ಸರಿ.

ಇನ್ನು ಕಂಪನಿಗಳು. ಎಲ್ಲರಿಗೂ ಬೇಕಾಗಿರುವುದು ಇದೇ ಅಂತ ಗೊತ್ತು.

ಫೋರ್ಡ್‌ನ ಎಫ್ ಸರಣಿ 1977ರಿಂದ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಎಫ್-150ರ ಮೈ 2015ರಿಂದ ಅಲ್ಯೂಮಿನಿಯಂ. ಅದರಿಂದ ಗಾಡಿ ಹಗುರ, ತುಕ್ಕಿನ ಕಾಟವೂ ಕಮ್ಮಿ. ನನಗೆ ಬಹಳ ಇಷ್ಟವಾದದ್ದು ಅದರ ಚಿಕ್ಕ ಎಂಜಿನ್, 2.7 ಲೀಟರ್ ಟರ್ಬೊ. 325 ಕುದುರೆ ಶಕ್ತಿ ಇದೆ, ದಿನನಿತ್ಯದ ಕೆಲಸಕ್ಕೆ ಧಾರಾಳ ಸಾಕು. ಹೈಬ್ರಿಡ್ ತಗೊಂಡರೆ ಹಿಂದಿನ ತೊಟ್ಟಿಯಲ್ಲೇ 7.2 ಕಿಲೋವ್ಯಾಟ್ ಕರೆಂಟು ಸಿಗುವ ವ್ಯವಸ್ಥೆ ಇದೆ. 2021ರ ಫೆಬ್ರವರಿಯ ಹಿಮದಲ್ಲಿ ಟೆಕ್ಸಸ್‌ನ ಲಕ್ಷಾಂತರ ಮನೆಗಳಿಗೆ ಕರೆಂಟು ಹೋದಾಗ ಕೆಲವರು ಈ ಟ್ರಕ್ಕಿನಿಂದಲೇ ಹೀಟರ್ ಓಡಿಸಿದರು. ಆ ಚಳಿ ಕಂಡವರಿಗೆ ಇದು ಸಣ್ಣ ವಿಷಯ ಅಲ್ಲ.

ರ‍್ಯಾಮ್ ಕೂತವರಿಗೆ ಸುಖ. 2009ರ ಮಾದರಿಯಿಂದ ಹಿಂದಿನ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗ್ ಬದಲು ಸುರುಳಿಯ ಕಾಯಿಲ್ ಸ್ಪ್ರಿಂಗ್ ಹಾಕಿದ್ದಾರೆ, ಕುಲುಕು ಕಮ್ಮಿ. ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರುತ್ತಾರೆ, ಅವರನ್ನು ಕೂರಿಸಿಕೊಂಡು ಓಡಾಡಬೇಕು ಅಂದರೆ ಇದನ್ನೇ ಹೇಳುತ್ತೇನೆ. ಸ್ಟಿಕ್ಕರ್ ಮಾತ್ರ ಹುಷಾರಾಗಿ ನೋಡಿ. ಇವರು 2025ರ ಮಾದರಿಯಲ್ಲಿ 5.7 ಲೀಟರ್ ಹೆಮಿ ಎಂಜಿನ್ ಕೈಬಿಟ್ಟಿದ್ದರು, ಜನ ಬೇಕೇ ಬೇಕು ಅಂದಿದ್ದಕ್ಕೆ 2026ರ ಮಾದರಿಗೆ ವಾಪಸ್ ತಂದರು.

ಶೆವಿ (ಅಂದರೆ ಶೆವ್ರೊಲೆ) ಸಿಲ್ವರಾಡೋ, ಜಿಎಂಸಿ ಸಿಯೆರಾ ಎರಡೂ ಒಂದೇ ಮನೆಯ ಮಕ್ಕಳು. ಜಾಸ್ತಿ ದೂರ ಓಡಿಸುವವರಿಗೆ ಅವರ 3 ಲೀಟರ್ ಡೀಸೆಲ್ ಚೆನ್ನಾಗಿದೆ. 6.2 ಲೀಟರ್ ವಿ8 (ಎಂಟು ಸಿಲಿಂಡರಿನ ಎಂಜಿನ್) ಬೇಕು ಅನ್ನುವವರು ಒಂದು ವಿಷಯ ತಿಳಿದಿರಲಿ. 2021ರಿಂದ 2024ರ ಮಾದರಿಗಳಲ್ಲಿ ಎಂಜಿನ್ ಒಳಭಾಗದ ದೋಷಕ್ಕಾಗಿ 2025ರಲ್ಲಿ ಸುಮಾರು 6 ಲಕ್ಷ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆದರು (ಇದನ್ನೇ ರೀಕಾಲ್ ಅನ್ನುವುದು), ಪಿಕಪ್ಪೂ ಎಸ್‌ಯುವಿಯೂ ಸೇರಿ.

"ಟೊಯೋಟಾ ಅಂದರೆ ಕಣ್ಣು ಮುಚ್ಚಿಕೊಂಡು ತಗೋಬಹುದು" ಅನ್ನುವ ಮಾತು ನಮ್ಮವರಲ್ಲಿ ಬಹಳ. ಟಂಡ್ರಾ ಇಲ್ಲೇ ಸ್ಯಾನ್ ಆಂಟೋನಿಯೊದಲ್ಲಿ ತಯಾರಾಗುತ್ತದೆ. 2021ರವರೆಗಿನ 5.7 ಲೀಟರ್ ವಿ8 ಎಂಜಿನ್ ಪೆಟ್ರೋಲ್ ಕುಡಿಯುತ್ತಿತ್ತು, ಆದರೆ ಗಟ್ಟಿ. ಹಳೇ ಗಾಡಿ ಹುಡುಕುವವರಿಗೆ ನನ್ನ ಮೊದಲ ಸಲಹೆ ಅದೇ. 2022ರಿಂದ ಎಂಜಿನ್ ಬದಲಾಗಿ ಟ್ವಿನ್ ಟರ್ಬೊ ವಿ6 ಬಂತು. ತಯಾರಿಕೆಯಲ್ಲಿ ಉಳಿದ ಲೋಹದ ಚೂರುಗಳಿಂದ ಎಂಜಿನ್ ಕೆಡುವ ತೊಂದರೆಗೆ 2024ರಲ್ಲಿ ಸುಮಾರು 1 ಲಕ್ಷ ಗಾಡಿ ವಾಪಸ್ ಕರೆದರು. ಹಾಗಾಗಿ ಕಣ್ಣು ತೆರೆದುಕೊಂಡೇ ತಗೊಳ್ಳಿ. ಯಾವ ಕಂಪನಿಯದೇ ಆಗಲಿ, ಸೆಕೆಂಡ್ ಹ್ಯಾಂಡ್ ಆದರೆ ಅದರ ವಿನ್ ನಂಬರನ್ನು (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಸರ್ಕಾರದ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ದುಡ್ಡು ಕೊಡಬೇಕಿಲ್ಲ, ಎರಡು ನಿಮಿಷದ ಕೆಲಸ.

ಕೆಲವರು ಕೇಳುತ್ತಾರೆ, ಊರಲ್ಲಿ ಕಾಣುವ ಟೊಯೋಟಾ ಹೈಲಕ್ಸ್ ಇಲ್ಲಿ ಯಾಕೆ ಸಿಗಲ್ಲ ಅಂತ. ಅದಕ್ಕೆ ಒಂದು ಕಾರಣ ಕೋಳಿ ಜಗಳ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ದಕ್ಕೆ ಪ್ರತಿಯಾಗಿ ಅಮೆರಿಕ 1964ರಲ್ಲಿ ಹೊರಗಿನ ಲಘು ಟ್ರಕ್‌ಗಳ ಮೇಲೆ ನೂರಕ್ಕೆ 25 ಸುಂಕ ಹೇರಿತು. ಕೋಳಿ ಜಗಳ ಮರೆತುಹೋಯಿತು, ಟ್ರಕ್ ಸುಂಕ ಉಳಿಯಿತು, ಹೊರಗೆ ತಯಾರಾದ ಪಿಕಪ್ ಇಲ್ಲಿ ತಂದು ಮಾರುವುದು ದುಬಾರಿಯಾಯಿತು.

ನಾಲ್ಕು ಚಕ್ರದ ಡ್ರೈವ್ ಬೇಕಾ? ಟೆಕ್ಸಸ್‌ನ ಟಾರು ರಸ್ತೆಗೆ ಬೇಡ. ಹೊಲದ ಕೆಸರು ತುಳಿಯುವವರಿಗೆ, ಹಿಮ ಬೀಳುವ ರಾಜ್ಯದವರಿಗೆ ಬೇಕು. ಆಕ್ಸಲ್ ರೇಷಿಯೋ ಅಂತ ಹಿಂದಿನ ಗೇರಿನ ಒಂದು ಅಂಕಿ ಇರುತ್ತದೆ, ಅದು ದೊಡ್ಡದಾದಷ್ಟು ಭಾರ ಎಳೆಯುವುದು ಸುಲಭ. ಟ್ರೈಲರ್ ಕಟ್ಟುವವರು 3.55 ಅಥವಾ 3.73 ಕೇಳಿ ಪಡೆಯಿರಿ.

ಗ್ಯಾರೇಜ್ ಬಗ್ಗೆ ಮಾತ್ರ ಬಿಡದೆ ಹೇಳುತ್ತೇನೆ. ನಾಲ್ಕು ಬಾಗಿಲು, ಐದೂವರೆ ಅಡಿ ತೊಟ್ಟಿಯ ಗಾಡಿ ಯಾವ ಕಂಪನಿಯದಾದರೂ 19 ಅಡಿ 4 ಇಂಚಿನ ಆಸುಪಾಸು ಇರುತ್ತದೆ. ಆರೂವರೆ ಅಡಿ ತೊಟ್ಟಿ ಬೇಕೆಂದರೆ 20 ಅಡಿ ದಾಟಿತು. ನಮ್ಮವರ ಮನೆಗಳಲ್ಲಿ ಗ್ಯಾರೇಜ್ 20 ಅಡಿ ಇರುತ್ತದೆ, ಒಳಗೆ ಗೋಡೆಗೆ ಎರಡನೇ ಫ್ರಿಜ್, ಅಕ್ಕಿ ಮೂಟೆ, ಗಣಪತಿ ಮಂಟಪದ ಡಬ್ಬ ಇಟ್ಟಿರುತ್ತೀರಿ. ಕೊಳ್ಳುವ ಹಿಂದಿನ ದಿನ ಟೇಪ್ ಹಿಡಿದು ಅಳೆಯಿರಿ. ಬಡಾವಣೆಯ ಸಂಘದವರು ಬೀದಿಯಲ್ಲಿ ನಿಲ್ಲಿಸಲು ಬಿಡುತ್ತಾರಾ ಅಂತಲೂ ಕೇಳಿಕೊಳ್ಳಿ.

ವರ್ಷಕ್ಕೆ ಎರಡು ಸಲ ಸೋಫಾ ಸಾಗಿಸುವುದಕ್ಕೆ ಅಂತ ಪಿಕಪ್ ಕೊಳ್ಳಬೇಡಿ. ಮನೆ ಕಟ್ಟುವ ಸಾಮಾನಿನ ಹೋಮ್ ಡಿಪೋ ಅಂಗಡಿಯಲ್ಲಿ ಸ್ವಲ್ಪ ಹೊತ್ತಿಗೆ ಬಾಡಿಗೆ ಸಿಗುತ್ತದೆ. ಆಸೆ ಇದೆ, ಶಕ್ತಿ ಇದೆ, ಕೊಳ್ಳಲೇಬೇಕು ಅಂದರೆ ಖಂಡಿತ ತಗೊಳ್ಳಿ. ಒಳ್ಳೆಯ ಗಾಡಿ ಓಡಿಸುವ ಖುಷಿಗೂ ಬೆಲೆ ಇದೆ.

ಅಂದಹಾಗೆ, ಶೋರೂಮಿಗೆ ಬಂದಿದ್ದ ಆ ಗೆಳೆಯ ಅಡುಗೆ ಕಾಂಟ್ರ್ಯಾಕ್ಟ್ ಮಾಡುತ್ತಾನೆ. ಮದುವೆ, ರಾಜ್ಯೋತ್ಸವ, ಗೃಹಪ್ರವೇಶಕ್ಕೆಲ್ಲ ಅವನದೇ ಊಟ. ಕೊನೆಗೆ ಅವನು ತಗೊಂಡದ್ದು ಗಾಜಿನ ಸೂರಿಲ್ಲದ ಆ 1,890ರ ಗಾಡಿಯನ್ನೇ. ಮೊನ್ನೆ ಒಂದು ಉಪನಯನಕ್ಕೆ ನಾಲ್ಕು ಗ್ಯಾಸ್ ಒಲೆ, ಇನ್ನೂರು ಜನರ ಬಿಸಿಬೇಳೆಬಾತ್‌ಗೆ ಆಗುವ ಹಂಡೆ, ಮೇಜುಗಳನ್ನೆಲ್ಲ ಹೇರಿಕೊಂಡು ಬಂದಿದ್ದ. ಟ್ರಕ್ ಸ್ಟಾಪಿನ ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸಿದ ಚೀಟಿ ಜೇಬಿನಲ್ಲಿತ್ತು. ಇಳಿದವನೇ ಅದನ್ನು ತೆಗೆದು ನನ್ನ ಕೈಗೆ ಕೊಟ್ಟ: "ನೋಡಣ್ಣಾ, ಇನ್ನೂ 310 ಪೌಂಡ್ ಜಾಗ ಇದೆ."