ಬೆಳಗ್ಗೆ ಏಳದವರು ಡಿಸ್ನಿಗೆ ಹೋದಾಗ

ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ ಅಂತ ಕನ್ನಡ ಕೂಟದಲ್ಲಿ ಯಾರ ಹತ್ತಿರ ಹೇಳಿದರೂ ಸಿಗುವ ಮೊದಲ ಸಲಹೆ ಒಂದೇ. "ಬೆಳಗ್ಗೆ ಬೇಗ ಹೋಗಿಬಿಡಿ. ಗೇಟ್ ತೆಗೆಯೋ ಮುಂಚೆ ಅಲ್ಲಿರಬೇಕು." ಇದಕ್ಕೆ ಅಲ್ಲಿ ರೋಪ್ ಡ್ರಾಪ್ ಅಂತ ಹೆಸರೂ ಇದೆ. ಹಗ್ಗ ಅಡ್ಡ ಹಿಡಿದು ಜನರನ್ನು ನಿಲ್ಲಿಸಿ, ಹೊತ್ತಾದಾಗ ಬಿಡುತ್ತಾರೆ. ಆರಕ್ಕೆ ಎದ್ದೆವು, ಎಂಟರೊಳಗೆ ಒಳಗಿದ್ದೆವು ಅಂತ ಹೇಳುವವರ ದನಿಯಲ್ಲಿ ಏಕಾದಶಿ ಉಪವಾಸ ಮಾಡಿದವರ ಹೆಮ್ಮೆ ಇರುತ್ತದೆ.

ನಮ್ಮ ಮನೆ ಕತೆಯೇ ಬೇರೆ. ನಾವಿರುವುದು ಅಟ್ಲಾಂಟಾದಲ್ಲಿ. ನನ್ನ ಗಂಡನ ತಂಡ ಇರುವುದು ಬೆಂಗಳೂರಿನಲ್ಲಿ. ನವೆಂಬರ್‌ನಲ್ಲಿ ಗಡಿಯಾರ ಬದಲಾಗುವ ತನಕ ಎರಡೂ ಊರಿಗೆ 9.30 ಗಂಟೆ ವ್ಯತ್ಯಾಸ. ಅಲ್ಲಿ ಬೆಳಗ್ಗೆ 10ಕ್ಕೆ ಮೀಟಿಂಗ್ ಅಂದರೆ ಇಲ್ಲಿ ನಡುರಾತ್ರಿ 12.30. ಮದುವೆಯಾದ ಹೊಸತರಲ್ಲಿ ನಾನು ಸುಮ್ನೆ ಜೊತೆಗೆ ಕೂರುತ್ತಿದ್ದೆ, ಆಮೇಲೆ ನನಗೂ ಅದೇ ಅಭ್ಯಾಸವಾಯಿತು. ಮಗಳಿಗೆ ಹದಿನೈದು. ಅವಳ ವಯಸ್ಸಿನ ಮಕ್ಕಳಿಗೆ ರಾತ್ರಿ ನಿದ್ದೆ ತಡವಾಗಿ ಬರುವುದು ಸೋಮಾರಿತನವಲ್ಲ, ಮೈಯೊಳಗಿನ ಗಡಿಯಾರವೇ ಆಗ ಹಿಂದಕ್ಕೆ ಸರಿದಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2014ರಲ್ಲಿ, ದೊಡ್ಡ ಮಕ್ಕಳ ಶಾಲೆ ಬೆಳಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಹೇಳಿತು. ಎಷ್ಟು ಶಾಲೆಗಳು ಕೇಳಿದವು ಅನ್ನುವುದು ಬೇರೆ ಮಾತು. ಅಂತೂ ವರ್ಷವಿಡೀ ಶಾಲೆಗಾಗಿ ಅಲಾರಾಂ ಇಟ್ಟು ಏಳುವ ಹುಡುಗಿಯನ್ನು ರಜೆಯಲ್ಲೂ ಆರಕ್ಕೆ ಎಬ್ಬಿಸಿ, ಅದಕ್ಕೆ ದುಡ್ಡೂ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಜಾರ್ಜಿಯಾದ ಶಾಲೆಗಳಿಗೆ ಅಕ್ಟೋಬರ್‌ನಲ್ಲಿ ಒಂದು ಸಣ್ಣ ರಜೆ ಇರುತ್ತದೆ. ಆಗ ಹೊರಟೆವು. ತುಮಕೂರಿನಿಂದ ಅತ್ತೆ ಬಂದಿದ್ದರು. ಇಡೀ ತಂಡದಲ್ಲಿ ಬೆಳಗಿನ ಜಾವ ಏಳುವ ಜೀವ ಅವರೊಬ್ಬರೇ.

ಎಲ್ಲರೂ ಪಾರ್ಕು ಎಷ್ಟಕ್ಕೆ ತೆಗೆಯುತ್ತದೆ ಅಂತ ನೋಡುತ್ತಾರೆ. ನಾನು ಎಷ್ಟಕ್ಕೆ ಮುಚ್ಚುತ್ತದೆ ಅಂತ ಮಾತ್ರ ನೋಡಿದೆ. ಹಾಗೆ ನೋಡಿದರೆ ಡಿಸ್ನಿಯ ನಾಲ್ಕು ಪಾರ್ಕುಗಳ ಗುಣ ಬೇರೆಬೇರೆ ಅಂತ ತಿಳಿಯುತ್ತದೆ. ಅನಿಮಲ್ ಕಿಂಗ್‌ಡಮ್ ಬೆಳಗ್ಗೆ ಬೇಗ ತೆಗೆದು ಸಂಜೆಯೇ ಮುಚ್ಚುವ ಪಾರ್ಕು. ಪ್ರಾಣಿಗಳೂ ತಂಪು ಹೊತ್ತಿನಲ್ಲೇ ಓಡಾಡುವುದು. ಅದನ್ನು ಯೋಚಿಸದೆ ಕೈಬಿಟ್ಟೆ. ಎಪ್‌ಕಾಟ್ ನಮ್ಮಂಥವರಿಗೇ ಕಟ್ಟಿದ ಹಾಗಿದೆ. ಅಲ್ಲಿನ ಕೆರೆಯ ಸುತ್ತ ಇರುವ ಹನ್ನೊಂದು ದೇಶಗಳ ಮಾದರಿಗಳ ಭಾಗವನ್ನು ತೆಗೆಯುವುದೇ ಹನ್ನೊಂದು ಗಂಟೆಗೆ! ಬೇಗ ಹೋದವರೂ ಕಾಯಲೇಬೇಕು. ಮೆಕ್ಸಿಕೋದಿಂದ ಕೆನಡಾದ ತನಕ ನಿಧಾನವಾಗಿ ಸುತ್ತಿ, ಕತ್ತಲಾದ ಮೇಲೆ ನೀರಿನ ಮೇಲಿನ ಬಾಣಬಿರುಸು ನೋಡಿ ಬಂದೆವು. "ಅಷ್ಟೊಂದು ದೇಶ ಮಾಡಿದಾರೆ, ನಮ್ಮದ್ಯಾಕಿಲ್ಲ?" ಅಂತ ಅತ್ತೆ ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಎಲ್ಲಕ್ಕಿಂತ ಹಳೆಯದು, 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್. ರಾತ್ರಿ ಜಾಸ್ತಿ ಹೊತ್ತು ತೆಗೆದಿರುವುದೂ ಸಾಮಾನ್ಯವಾಗಿ ಅದೇ. ಆದರೆ ಅಕ್ಟೋಬರ್‌ನಲ್ಲಿ ಅದರದ್ದೊಂದು ತಕರಾರಿದೆ. ವಾರದಲ್ಲಿ ಕೆಲವು ರಾತ್ರಿ ಅಲ್ಲಿ ಹ್ಯಾಲೋವೀನ್ ಪಾರ್ಟಿ, ಅದಕ್ಕೆ ಬೇರೆ ಟಿಕೆಟ್ಟು. ಆ ದಿನ ಮಾಮೂಲಿ ಟಿಕೆಟ್ಟಿನವರನ್ನು ಸಂಜೆ ಆರಕ್ಕೇ ಹೊರಗೆ ಕಳಿಸುತ್ತಾರೆ. ಮಧ್ಯಾಹ್ನ ಎರಡಕ್ಕೆ ಒಳಗೆ ಹೋಗುವವರಿಗೆ ಇಡೀ ದಿನದ ದುಡ್ಡಿಗೆ ನಾಲ್ಕೇ ಗಂಟೆ ಸಿಕ್ಕಂತಾಯಿತು. ಹಾಗಂತ ಪಾರ್ಟಿ ಕೆಟ್ಟದ್ದೇನಲ್ಲ. ಅದೊಂದೇ ಟಿಕೆಟ್ಟು ತಗೊಂಡರೆ ಸಂಜೆ ನಾಲ್ಕಕ್ಕೆ ಒಳಗೆ ಬಿಟ್ಟು ನಡುರಾತ್ರಿ ತನಕ ಇರಲು ಬಿಡುತ್ತಾರೆ. ವೇಷ ಹಾಕಿಕೊಂಡು ತಿರುಗುವ ಮನಸ್ಸಿದ್ದವರಿಗೆ ಒಳ್ಳೆಯದೇ. ನಮಗೆ ವೇಷ ಬೇಡ, ರಾತ್ರಿ ಮಾತ್ರ ಬೇಕಿತ್ತು.

ಹಾಗಾಗಿ ಹೋಟೆಲ್ಲಿನ ಪ್ರಶ್ನೆ ಬಂತು. ಡಿಸ್ನಿಯ ಯಾವ ಹೋಟೆಲ್ಲಿನಲ್ಲಿ ಉಳಿದರೂ ದಿನಾ ಅರ್ಧ ಗಂಟೆ ಮುಂಚೆ ಪಾರ್ಕಿನ ಒಳಗೆ ಬಿಡುತ್ತಾರೆ. ನಮಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೆ ದುಬಾರಿ ದರ್ಜೆಯ ಡೀಲಕ್ಸ್ ಹೋಟೆಲ್ಲಿನವರಿಗೆ ಕೆಲವು ರಾತ್ರಿ ಎರಡು ಗಂಟೆ ಜಾಸ್ತಿ ಸಿಗುತ್ತದೆ. ಸಾಮಾನ್ಯವಾಗಿ ಸೋಮವಾರ ಎಪ್‌ಕಾಟ್, ಬುಧವಾರ ಮ್ಯಾಜಿಕ್ ಕಿಂಗ್‌ಡಮ್. ಉಳಿದವರೆಲ್ಲ ಹೊರಟ ಮೇಲೆ ನೀವು ಒಳಗೇ ಇರಬಹುದು. "ಎರಡು ಗಂಟೆಗೆ ಅಷ್ಟು ದುಡ್ಡಾ?" ಅಂದರು ಇವರು. ಪ್ರಶ್ನೆ ಸರಿಯಾದದ್ದೇ. ವಾರಗಟ್ಟಲೆ ಉಳಿಯುವವರಿಗೆ ಲೆಕ್ಕ ಕೂಡುವುದಿಲ್ಲ. ಸೋಮವಾರದಿಂದ ಗುರುವಾರದ ತನಕ ಮಾತ್ರ ಉಳಿದು ಎರಡೂ ರಾತ್ರಿ ಬಳಸಿಕೊಳ್ಳುವವರಿಗೆ ಕೂಡುತ್ತದೆ ಅಂತ ನನ್ನ ವಾದ. ಕೊನೆಗೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಆಯಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಕಿಟಕಿಯಾಚೆ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ. ನಾವು ಮಲಗಿರುವಾಗ ಅತ್ತೆಗೆ ಏನಾದರೂ ಬೇಕಲ್ಲ?

ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಅನ್ನು ಮೊದಲೇ ಕಾದಿರಿಸಬೇಕು. ಅದು ಬೆಳಗ್ಗೆ ಏಳು ಗಂಟೆಗೆ ತೆರೆಯುತ್ತದೆ! ತಡವಾಗಿ ಏಳುವವರನ್ನು ಅಣಕಿಸಲೆಂದೇ ಮಾಡಿದ ಹಾಗಿದೆ. ಪುಣ್ಯಕ್ಕೆ ಡಿಸ್ನಿ ಹೋಟೆಲ್ಲಿನವರು ಏಳು ದಿನ ಮುಂಚೆಯೇ, ಉಳಿಯುವ ಎಲ್ಲ ದಿನಗಳಿಗೂ ಸೇರಿಸಿ ಕಾದಿರಿಸಬಹುದು. ಹೊರಗೆ ಉಳಿಯುವವರಿಗೆ ಮೂರು ದಿನ ಮುಂಚೆ. ನಮ್ಮ ಏಳನೇ ದಿನ ಶಾಲೆಯ ದಿನವಾಗಿತ್ತು, ಹೇಗೂ ಎದ್ದಿದ್ದೆವು. ಡಬ್ಬಿ ಕಟ್ಟುತ್ತಲೇ ಫೋನಿನಲ್ಲಿ ಸಂಜೆ ಹೊತ್ತಿನ ಸಮಯಗಳನ್ನು ಆರಿಸಿದೆ. ಬಹಳಷ್ಟು ಜನ ಬೆಳಗಿನದ್ದಕ್ಕೆ ಮುಗಿಬೀಳುತ್ತಾರೆ, ಸಂಜೆಯದ್ದು ಆರಾಮವಾಗಿ ಸಿಕ್ಕಿತು.

ಆ ಬುಧವಾರ ನಾವು ಮೂವರು ಎದ್ದಾಗ ಹನ್ನೊಂದು ದಾಟಿತ್ತು. ಅತ್ತೆ ಅಷ್ಟರಲ್ಲಿ ಒಂದು ದಿನ ಪೂರ್ತಿ ಬದುಕಿ ಮುಗಿಸಿದ್ದರು. ಅಕ್ಟೋಬರ್‌ನಲ್ಲಿ ಅಲ್ಲಿ ಬೆಳಕು ಹರಿಯುವುದೇ ಏಳೂಕಾಲರ ಮೇಲೆ. ಕತ್ತಲಲ್ಲೇ ಸ್ನಾನ ಮುಗಿಸಿ, ಬ್ರೂ ಕಾಫಿ ಮಾಡಿಕೊಂಡು ಬಾಲ್ಕನಿಯಲ್ಲಿ ಕೂತಿದ್ದರಂತೆ. ಜಿರಾಫೆಗಿಂತ ಅವರ ಮನಸ್ಸು ಸೆಳೆದದ್ದು ಆಂಕೋಲೆ ಅನ್ನುವ ಆಫ್ರಿಕಾದ ದನ. "ಕೊಂಬು ನೋಡ್ಬೇಕಿತ್ತು ಕಣೇ ನೀನು. ನಮ್ಮ ಹಳ್ಳಿಕಾರ್ ಎತ್ತು ಇದರ ಮುಂದೆ ಏನೂ ಅಲ್ಲ. ಇದನ್ನ ಹೂಡೋದು ಹೇಗೆ?" ಹೂಡುವುದಿಲ್ಲ ಅತ್ತೆ, ಸುಮ್ನೆ ನೋಡುವುದಕ್ಕೆ ಇಟ್ಟಿದ್ದಾರೆ ಅಂದೆ. ಅವರಿಗೆ ಅದು ಅಷ್ಟು ಸರಿ ಕಾಣಲಿಲ್ಲ.

ಆ ಹೊತ್ತಿಗೆ ಹೋಟೆಲ್ಲಿನ ಬೆಳಗಿನ ತಿಂಡಿ ಮುಗಿದಿತ್ತು. ಅದೇನು ನಷ್ಟವಲ್ಲ. ಪಕ್ಕದ ಕಟ್ಟಡದಲ್ಲೇ ಸನಾ ಅನ್ನುವ ಊಟದ ಮನೆ ಇದೆ, ಆಫ್ರಿಕಾ ಅಡುಗೆಗೆ ಭಾರತದ ರುಚಿ ಬೆರೆಸಿದ್ದು. ಅಲ್ಲಿ ನಾನ್, ಕುಲ್ಚಾ ಜೊತೆ ಒಂಬತ್ತು ಬಗೆ ಚಟ್ನಿ, ರಾಯಿತ ಇಟ್ಟು ತರುತ್ತಾರೆ. ಸಸ್ಯಾಹಾರಿಗಳಿಗೆ ಫ್ಲಾರಿಡಾದಲ್ಲಿ ಇಷ್ಟು ನಿಶ್ಚಿಂತೆಯ ಜಾಗ ಕಡಿಮೆ. ಬಿಲ್ಲು ನೋಡಿ ಅತ್ತೆ, "ಚಟ್ನಿಗೇ ದುಡ್ಡು ತಗೊಳ್ತಾರಲ್ಲೋ" ಅಂದರು ಮಗನಿಗೆ. ಊಟ ಮುಗಿಸಿ ಅವರು ಒಂದು ನಿದ್ದೆ ತೆಗೆದರು. ಇದು ನಮ್ಮ ಯೋಜನೆಯ ಮುಖ್ಯ ಭಾಗ. ಬೇಗ ಏಳುವವರು ಮಧ್ಯಾಹ್ನ ಮಲಗಿದರೆ ರಾತ್ರಿ ಎಲ್ಲರೂ ಸಮ.

ನಾಲ್ಕು ಗಂಟೆಗೆ ಹೋಟೆಲ್ಲಿನ ಬಸ್ಸು ಹಿಡಿದೆವು. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋಗುವುದು ಪೆದ್ದುತನ. ಕಾರು ದೂರದಲ್ಲಿ ನಿಲ್ಲಿಸಿ, ಅಲ್ಲಿಂದ ದೋಣಿಯೋ ಮಾನೋರೈಲೋ ಹತ್ತಬೇಕು. ಬಸ್ಸು ಗೇಟಿನ ಹತ್ತಿರವೇ ಇಳಿಸುತ್ತದೆ. ಎದುರಿಗೆ ಬೆಳಗಿನವರ ದಂಡು ವಾಪಸ್ ಬರುತ್ತಿತ್ತು. ತಳ್ಳುಗಾಡಿಯಲ್ಲಿ ಬಾಯಿ ತೆರೆದು ಮಲಗಿದ ಮಕ್ಕಳು, ಬಲೂನು ಕೈಗೆ ಸುತ್ತಿಕೊಂಡ ಅಪ್ಪಂದಿರು, ಯಾರ ಜೊತೆಗೂ ಮಾತು ಬೇಡ ಅನ್ನುವ ಮುಖದ ಅಮ್ಮಂದಿರು. ನನಗೆ ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಬಾಣಬಿರುಸು ಮುಗಿಯುವ ತನಕ ನಾವು ಓಡಾಡಲೇ ಇಲ್ಲ ಅನ್ನಬಹುದು. ಕಾದಿರಿಸಿದ್ದ ಸವಾರಿಗಳಿಗೆ ಹೋದೆವು. 'ಇಟ್ಸ್ ಎ ಸ್ಮಾಲ್ ವರ್ಲ್ಡ್' ದೋಣಿಯಲ್ಲಿ ಅತ್ತೆಗೆ ಗೊಂಬೆಗಳು ಇಷ್ಟವಾದವು, ದಸರಾ ಗೊಂಬೆ ಕೂರಿಸುವವರಲ್ವಾ. ಚಪಾತಿ ಸುರುಳಿ ತಿಂದೆವು. ಮನೆಯ ತಿಂಡಿ ಒಳಗೆ ತರಲು ಡಿಸ್ನಿಯಲ್ಲಿ ಅಡ್ಡಿಯಿಲ್ಲ. ಗಾಜಿನ ಬಾಟಲಿ, ಮದ್ಯ ಮಾತ್ರ ಬಿಡುವುದಿಲ್ಲ. ರಾತ್ರಿಯವರು ಇದನ್ನು ಮರೆಯಬಾರದು. ತಡ ಹೊತ್ತಿಗೆ ತಿನ್ನುವ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಹಸಿವು ಆಗಲೇ ಶುರುವಾಗುವುದು.

ಕೋಟೆಯ ಮೇಲೆ ಕೊನೆಯ ಬಾಣ ಸಿಡಿದ ತಕ್ಷಣ ಸಾವಿರಾರು ಜನ ಗೇಟಿನ ಕಡೆ ತಿರುಗುತ್ತಾರೆ. ನಾವು ಒಳಗಿನ ಕಡೆ ನಡೆದೆವು. ದುಬಾರಿ ಹೋಟೆಲ್ಲು ಬೇಡ ಅನ್ನುವವರೂ ಈ ಹೊತ್ತನ್ನು ಬಳಸಿಕೊಳ್ಳಬಹುದು. ಪಾರ್ಕು ಮುಚ್ಚುವುದಕ್ಕೆ ಒಂದು ನಿಮಿಷ ಮುಂಚೆ ಸಾಲಿಗೆ ಸೇರಿದರೂ ಸವಾರಿ ಮಾಡಿಸಿಯೇ ಕಳಿಸುತ್ತಾರೆ. ಆದ್ದರಿಂದ ಅತಿ ಉದ್ದ ಸಾಲಿನ ಸವಾರಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಅಲಾರಾಂ ಬೇಡ. ಆದರೂ ಸಲಹೆ ಕೊಡುವವರು ಇದನ್ನು ಯಾಕೆ ಹೇಳುವುದಿಲ್ಲವೋ.

ಆ ದಿನ ಎಲ್ಲರಿಗೂ ಹತ್ತಕ್ಕೆ ಮುಗಿಯುತ್ತಿತ್ತು, ನಮಗೆ ಹನ್ನೆರಡಕ್ಕೆ. ಹತ್ತಾದ ಮೇಲೆ ಪ್ರತಿ ಸವಾರಿಯ ಬಾಗಿಲಲ್ಲಿ ಕೈಪಟ್ಟಿ ನೋಡಿ ಒಳಗೆ ಬಿಡುತ್ತಾರೆ. ಎಲ್ಲವೂ ತೆರೆದಿರುವುದಿಲ್ಲ, ಪಟ್ಟಿ ಮೊದಲೇ ನೋಡಿಕೊಳ್ಳಬೇಕು. ಅಪ್ಪ ಮಗಳು ಟ್ರಾನ್‌ಗೆ ಓಡಿದರು. 2023ರಲ್ಲಿ ಶುರುವಾದ ಈ ರೋಲರ್ ಕೋಸ್ಟರ್‌ನಲ್ಲಿ ಬೈಕಿನ ಮೇಲೆ ಬಗ್ಗಿದ ಹಾಗೆ ಕೂರಬೇಕು. ಮೇಲಿನ ಚಾವಣಿಯ ದೀಪಗಳೆಲ್ಲ ಹೊತ್ತಿಕೊಂಡು ಅದು ಕಾಣುವುದೇ ಕತ್ತಲಲ್ಲಿ. ಹಗಲು ಫೋನಿನಲ್ಲಿ ಒಂದು ಗಂಟೆಗೂ ಮೇಲೆ ಕಾಯಬೇಕು ಅಂತ ತೋರಿಸುತ್ತಿದ್ದ ಸಾಲು ಈಗ ನಡೆಯುತ್ತಲೇ ಹೋಗುವಷ್ಟಿತ್ತು. ಮಗಳು ಇಳಿದು ಬಂದವಳೇ ಮತ್ತೆ ಹತ್ತಿದಳು.

ನಾನೂ ಅತ್ತೆಯೂ ಪಕ್ಕದ ಪೀಪಲ್‌ಮೂವರ್ ಹತ್ತಿದೆವು. 1975ರ ಹಳೆಯ ಗಾಡಿ. ಬಂಡಿಗಳಲ್ಲಿ ಮೋಟರೇ ಇಲ್ಲ. ಹಳಿಯಲ್ಲಿ ಕೂರಿಸಿದ ವಿದ್ಯುತ್ ಅಯಸ್ಕಾಂತಗಳು ಅದನ್ನು ಮುಂದೆ ತಳ್ಳುತ್ತವೆ. ಹತ್ತಲು ಚಲಿಸುವ ಪಟ್ಟಿಯ ಮೇಲೆ ಏರಬೇಕು, ಮಂಡಿ ನೋವಿನವರು ಕೈ ಹಿಡಿದುಕೊಳ್ಳುವುದು ಒಳ್ಳೆಯದು. ಆಮೇಲೆ ನೆಲದಿಂದ ಒಂದು ಮಹಡಿ ಎತ್ತರದಲ್ಲಿ ನಿಧಾನ ಸುತ್ತು, ಬೀಸುವ ಗಾಳಿ. ಒಂದು ಕಡೆ ಅದು ಸ್ಪೇಸ್ ಮೌಂಟನ್ ಅನ್ನುವ ಇನ್ನೊಂದು ರೋಲರ್ ಕೋಸ್ಟರಿನ ಕತ್ತಲ ಒಳಗೇ ಹಾದುಹೋಗುತ್ತದೆ.

"ಅಯ್ಯೋ, ಒಳಗೆ ಯಾರೋ ಕಿರುಚ್ತಾ ಇದಾರಲ್ಲೇ!"

"ದುಡ್ಡು ಕೊಟ್ಟು ಕಿರುಚ್ತಾ ಇದಾರೆ ಅತ್ತೆ."

"ಸರಿ ಬಿಡು. ಇನ್ನೊಂದು ಸುತ್ತು ಹೋಗೋಣ."

ಹನ್ನೆರಡಕ್ಕೆ ಹೊರಟು ಬಸ್ಸಿನ ನಿಲ್ದಾಣಕ್ಕೆ ಬರುವಷ್ಟರಲ್ಲಿ ಇವರು ಪದೇಪದೇ ಗಡಿಯಾರ ನೋಡಿಕೊಳ್ಳತೊಡಗಿದರು. ರಜೆ ಹಾಕಿದ್ದರೂ ಆ ವಾರ ಏನೋ ರಿಲೀಸ್ ಇತ್ತಂತೆ. ಸುಮ್ನೆ ಕೇಳಿಸಿಕೊಳ್ಳುತ್ತೇನೆ ಅಂತ ಬಸ್ಸಿನಲ್ಲೇ 12.30ರ ಮೀಟಿಂಗ್ ಸೇರಿದರು. ಕಿವಿಗೆ ಹಾಕಿಕೊಂಡದ್ದು ಕೈಕೊಟ್ಟು, ಬೆಂಗಳೂರಿನ ಬೆಳಗಿನ ಗಲಾಟೆ ಬಸ್ಸಿನವರಿಗೆಲ್ಲ ಕೇಳಿಸಿತು. ಯಾರೋ ಆಟೋದಲ್ಲಿದ್ದರು, ಇನ್ಯಾರೋ ತಿಂಡಿ ಆಯ್ತಾ ಅಂತ ಕೇಳುತ್ತಿದ್ದರು. ಅತ್ತೆ ಮಗನ ಫೋನಿನ ಕಡೆ ಬಗ್ಗಿ, "ಆಯ್ತಪ್ಪ, ನಿಮ್ಮದು?" ಅಂದರು.

ಮಲಗಿದ್ದು ಎರಡೂವರೆಗೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಡಿಸ್ನಿ ಹೋಟೆಲ್ಲುಗಳಲ್ಲಿ ತೊಂದರೆ ಕೊಡಬೇಡಿ ಅನ್ನುವ ಫಲಕ ಈಗ ಇಲ್ಲ. ಕೋಣೆಯಲ್ಲಿ ಜನ ಇದ್ದಾರೆ ಅನ್ನುವ ಫಲಕವಷ್ಟೇ ಇದೆ, ಅದನ್ನು ಹಾಕಿದ್ದರೂ ಸಿಬ್ಬಂದಿ ಬಾಗಿಲು ತಟ್ಟಬಹುದು. ಗುರುವಾರವೋ ಕೊನೆಯ ದಿನ, ಹನ್ನೊಂದಕ್ಕೆ ಕೋಣೆ ಬಿಡಬೇಕು. ತಡವಾಗಿ ಏಳುವವರ ನಿಜವಾದ ವೈರಿ ಈ ಹನ್ನೊಂದು ಗಂಟೆಯೇ. ನಾನು ರಾತ್ರಿಯೇ ಚೀಲಗಳನ್ನೆಲ್ಲ ಕಟ್ಟಿ ಬಾಗಿಲ ಹತ್ತಿರ ಇಟ್ಟು, ಹತ್ತಕ್ಕೆ ಎಬ್ಬಿಸಿ ಅಂತ ಅತ್ತೆಗೆ ಹೇಳಿ ಮಲಗಿದ್ದೆ.

ಒಂಬತ್ತರ ಸುಮಾರಿಗೆ ಬಾಗಿಲು ತಟ್ಟಿದ ಸದ್ದು ಅರೆ ಎಚ್ಚರದಲ್ಲಿ ಕೇಳಿತು. ಅತ್ತೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಕೋಣೆ ಚೊಕ್ಕ ಮಾಡುವ ಹೆಂಗಸು ಸ್ಪ್ಯಾನಿಶ್‌ನಲ್ಲಿ ಏನೋ ಅಂದರು. ಅತ್ತೆ ಅಚ್ಚ ತುಮಕೂರು ಕನ್ನಡದಲ್ಲಿ, "ಮಲಗಿದಾರೆ ಕಣಮ್ಮ, ರಾತ್ರಿಯೆಲ್ಲಾ ತಿರುಗಿ ಬಂದವ್ರೆ, ಏನ್ ಮಾಡೋದು" ಅಂದರು. ಇಬ್ಬರೂ ಬಹಳ ಹೊತ್ತು ಮಾತಾಡಿ ನಕ್ಕರು. ಹತ್ತಕ್ಕೆ ಎದ್ದಾಗ ಮೇಜಿನ ಮೇಲೆ ಬೇಡವೆಂದರೂ ಇಟ್ಟುಹೋದ ಒಂದು ರಾಶಿ ಸೋಪು, ಕಾಫಿ ಪೊಟ್ಟಣ ಇದ್ದವು. ಅವರಿಗೆ ಮೂವರು ಹೆಣ್ಣುಮಕ್ಕಳು, ಕೊನೆಯವಳು ನಿಮ್ಮ ಹಾಗೇ ಹತ್ತು ಗಂಟೆಗೆ ಏಳೋದು ಅಂತ ಅತ್ತೆ ನನಗೆ ಹೇಳಿದರು. ಯಾವ ಭಾಷೆಯಲ್ಲಿ ತಿಳಿದುಕೊಂಡರು ಅಂತ ನಾನು ಕೇಳಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇತ್ತು.