ಮಧ್ಯಮ ರಾಹುವೋ, ಸ್ಫುಟ ರಾಹುವೋ

ತುಮಕೂರು ಪಕ್ಕದ ಕ್ಯಾತ್ಸಂದ್ರದ ನಮ್ಮ ದೊಡ್ಡಪ್ಪ ಇಷ್ಟು ವರ್ಷ ಪಂಚಾಂಗ ನೋಡಿ ಕೈಯಲ್ಲೇ ಕುಂಡಲಿ ಬರೆದವರು. ಇವತ್ತು ಅವರ ಲ್ಯಾಪ್‌ಟಾಪಿಗೆ ಜ್ಯೋತಿಷ್ಯದ ಸಾಫ್ಟ್‌ವೇರ್ ಹಾಕಿ ಸೆಟ್ಟಿಂಗ್ಸ್ ಮಾಡಿಕೊಟ್ಟೆ. 1781ರಲ್ಲಿ ಪತ್ತೆಯಾದ ಯುರೇನಸ್, 1846ರ ನೆಪ್ಚೂನ್, 1930ರ ಪ್ಲೂಟೊ, ಮೂರಕ್ಕೂ ಟಿಕ್ ತೆಗೆಸಿದರು. "ನಮಗೆ ಒಂಬತ್ತು ಸಾಕಪ್ಪ." ಮಾಂದಿ, ಅಂದರೆ ಶನಿಗೆ ಸೇರಿದ್ದೆಂದು ಲೆಕ್ಕ ಹಾಕಿ ಗುರುತಿಸುವ ಬಿಂದು, ಅದು ಮಾತ್ರ ಇರಲಿ ಅಂದರು. ಅದಕ್ಕೆ ತುಮಕೂರಿನದೇ ಸೂರ್ಯೋದಯ ಬೇಕು, ಊರಿನ ಅಕ್ಷಾಂಶ ರೇಖಾಂಶ ಹಾಕಿದ್ದಾಯ್ತು. ಅಯನಾಂಶ, ಅಂದರೆ ಸಾಯನ ಮತ್ತು ನಕ್ಷತ್ರ ಆಧಾರಿತ ನಿರಯನ ರಾಶಿಚಕ್ರಗಳ ಆರಂಭಬಿಂದುಗಳ ನಡುವಿನ ಅಂತರ, ಅದಕ್ಕೆ ಲಾಹಿರಿ ಲೆಕ್ಕ, ಚರ್ಚೆಯೇ ಇಲ್ಲ.

ತಡವಾದದ್ದು ರಾಹುವಿನ ಹತ್ತಿರ. ಚಂದ್ರನ ಪಥ ಕ್ರಾಂತಿವೃತ್ತವನ್ನು (ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿ) ದಾಟುವ ಬಿಂದು ಅದು, ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಸುಮಾರು 18.6 ವರ್ಷಕ್ಕೆ ಒಂದು ಸುತ್ತು, ಹಿಮ್ಮುಖವಾಗಿ. ಮಧ್ಯಮ ರಾಹು ಅಂದರೆ ಸರಾಸರಿ ಲೆಕ್ಕದ್ದು, ಒಂದೇ ಸಮನೆ ಹಿಂದಕ್ಕೆ ಸರಿಯುತ್ತೆ. ಸ್ಫುಟ ರಾಹು ಅಂದರೆ ಆ ಕ್ಷಣದ ನಿಜಸ್ಥಾನ, ಸೂರ್ಯನ ಸೆಳೆತಕ್ಕೆ ಓಲಾಡುತ್ತೆ, ಒಮ್ಮೊಮ್ಮೆ ಮುಂದಕ್ಕೂ ನಡೆಯುತ್ತೆ. ಎರಡರ ನಡುವೆ ಒಂದೂವರೆ ಡಿಗ್ರಿಯಷ್ಟು ಅಂತರ ಬರಬಹುದು. ರಾಶಿಯ ಅಂಚಿನಲ್ಲಿದ್ದರೆ ಮನೆಯೇ ಬದಲು!

ದೊಡ್ಡಪ್ಪ ಬಹಳ ಹೊತ್ತು ಯೋಚಿಸಿ ಮಧ್ಯಮವೇ ಇರಲಿ ಅಂದರು, ಹಳೆಯ ಕುಂಡಲಿಗಳಿಗೆ ಹೊಂದಬೇಕಲ್ಲ. ನನಗೂ ಅದೇ ಸರಿ ಅನ್ನಿಸಿತು. ಆದರೆ ಒಂದು ಟಿಕ್‌ನಿಂದ ಯಾರದೋ ಮಗಳ ಜಾತಕ ಬದಲಾಗುತ್ತೆ ಅಂದಮೇಲೆ, ಯಾವ ರಾಹು ಹಿಡಿದೆವು ಅಂತ ಕುಂಡಲಿಯ ಕೆಳಗೆ ಬರೆದೇ ಕೊಡಬೇಕು. ಹಾಗಂತ ಹೇಳಿದೆ, ಒಪ್ಪಿದರು.