ಸೋಲಾರ್ ಪ್ರಾಜೆಕ್ಟ್ ಲಾಗ್: ಹಗಲು ಮುಗೀತು, ಈಗ ರಾತ್ರಿ ಲೆಕ್ಕ

ದೊಡ್ಡ ಸೋಲಾರ್ ಪಾರ್ಕ್ ತನ್ನ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತಾ, ಇಲ್ವಾ ಅಂತ ನೋಡೋಕೆ ಬರೆಯುತ್ತಿರುವ ಪುಟ್ಟ ಪೈಥಾನ್ ಪ್ರೋಗ್ರಾಂ ಒಂದು ಹದಕ್ಕೆ ಬಂದಿದೆ. ಹಗಲಿನ ಭಾಗ ಮುಗಿಯಿತು.

ಮಧ್ಯಾಹ್ನದ ಬಿಸಿಲು ಚದರ ಮೀಟರ್‌ಗೆ 1000 ವ್ಯಾಟ್ ಅಂತ ಇಟ್ಟುಕೊಂಡಿದ್ದೇನೆ. ಒಣ ಮರಳು ಇದರಲ್ಲಿ ಸುಮಾರು 350 ವ್ಯಾಟ್ ವಾಪಸ್ ಕಳಿಸಿ 650 ಉಳಿಸಿಕೊಳ್ಳುತ್ತದೆ. ಪ್ಯಾನಲ್ ಕಪ್ಪು, ವಾಪಸ್ ಕಳಿಸುವುದು 50ರ ಆಸುಪಾಸು ಅಷ್ಟೇ. ಹೀರಿಕೊಂಡ 950ರಲ್ಲಿ 200 ಕರೆಂಟಾಗಿ ತಂತಿ ಹಿಡಿದು ಹೋಗುತ್ತದೆ. ಉಳಿದ 750 ಬರೀ ಶಾಖ. ಮರಳಿಗಿಂತ 100 ಜಾಸ್ತಿ ಆಯಿತಲ್ವಾ? ಆದರೆ ಸಾಲುಗಳ ನಡುವೆ ಖಾಲಿ ಜಾಗ ಇರುತ್ತದೆ. ನೆಲದ ಶೇ. 40 ಭಾಗಕ್ಕೆ ಪ್ಯಾನಲ್ ಹಾಕಿದರೆ ಸರಾಸರಿ ಹೆಚ್ಚಳ 40 ವ್ಯಾಟ್‌ಗೆ ಇಳಿಯುತ್ತದೆ.

ನನಗೆ ಮಜಾ ಅನ್ನಿಸಿದ್ದು ಹುಲ್ಲಿನ ನೆಲ. ಹುಲ್ಲು ಮರಳಿಗಿಂತ ಗಾಢ ಬಣ್ಣದ್ದು, ಅದೂ 750ರಿಂದ 800 ವ್ಯಾಟ್ ಹೀರುತ್ತದೆ. ಬರೀ ಬಿಸಿಲಿನ ಲೆಕ್ಕ ಹಾಕಿದರೆ ಪ್ಯಾನಲ್ ಬಂದರೂ ಬರದಿದ್ದರೂ ಒಂದೇ. ಆದರೆ ಹಸಿ ಹುಲ್ಲು ಆ ಶಾಖದ ದೊಡ್ಡ ಪಾಲನ್ನು ನೀರು ಆವಿಯಾಗಿಸೋಕೆ ಖರ್ಚು ಮಾಡುತ್ತದೆ. ಹುಲ್ಲು ಕೆರೆದು ಹಾಕಿ ಪ್ಯಾನಲ್ ನಿಲ್ಲಿಸಿದರೆ ಆ ತಂಪೂ ಹೋಯಿತು. ಹಾಗಾಗಿ ‘ಪ್ಯಾನಲ್ ಬಿಸಿ ಮಾಡುತ್ತೆ’ ಅಂತ ಸುಮ್ನೆ ಹೇಳೋಕೆ ಆಗಲ್ಲ. ಮೊದಲು ಅಲ್ಲಿ ಏನಿತ್ತು, ಈಗ ಪ್ಯಾನಲ್ ಕೆಳಗೆ ಏನಿದೆ ಅಂತ ಕೇಳಲೇಬೇಕು.

ಈಗ ರಾತ್ರಿ. ಒಂದು ಹಳೆಯ ಪ್ಯಾನಲನ್ನು ಸ್ಟ್ಯಾಂಡ್ ಮೇಲೆ ಓರೆಯಾಗಿ ನಿಲ್ಲಿಸಿ, ಹಿಂಬದಿಗೆ ಅಲ್ಯೂಮಿನಿಯಂ ಟೇಪಿನಲ್ಲಿ ಒಂದು ತಾಪಮಾನ ಅಳೆಯುವ ಸೆನ್ಸರ್ ಅಂಟಿಸಿದೆ. ಇನ್ನೊಂದನ್ನು ಅದರ ಕೆಳಗಿನ ಮಣ್ಣಿನಲ್ಲಿ, ಮತ್ತೊಂದನ್ನು ಬಯಲು ಮಣ್ಣಿನಲ್ಲಿ ಹೂತೆ. ಗಾಳಿಯ ಸೆನ್ಸರ್‌ಗೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಗೂಡು. ಕತ್ತಲಾದ ಸ್ವಲ್ಪ ಹೊತ್ತಿಗೇ ಪ್ಯಾನಲ್ ಗಾಳಿಗಿಂತ ತಣ್ಣಗಾಯಿತು. ತೆಳು ವಸ್ತು, ಶಾಖ ಹಿಡಿದಿಟ್ಟುಕೊಳ್ಳಲ್ಲ, ಬೇಗ ಆಕಾಶದ ಕಡೆಗೆ ಸೂಸಿಬಿಡುತ್ತದೆ. ಕೆಳಗಿನ ಮಣ್ಣಿನ ಕಥೆಯೇ ಬೇರೆ. ಹಗಲೆಲ್ಲ ನೆರಳಿನಲ್ಲಿದ್ದುದರಿಂದ ಸಂಜೆಗೆ ಅದು ಬಯಲಿಗಿಂತ ತಂಪಾಗಿತ್ತು. ಆದರೆ ಮೇಲೆ ಆಕಾಶದ ಬದಲು ಪ್ಯಾನಲ್ ಇದೆ, ಶಾಖ ಬೇಗ ಬಿಟ್ಟುಕೊಡಲಿಲ್ಲ. ಬೆಳಗಿನ ಜಾವಕ್ಕೆ ಎರಡರ ನಡುವಿನ ಅಂತರ ಬಹಳ ಕಮ್ಮಿಯಾಗಿತ್ತು.

ಒಂದೇ ಪ್ಯಾನಲಿಂದ ಪಾರ್ಕಿನ ಗಾಳಿಯ ಬಗ್ಗೆ ತೀರ್ಪು ಕೊಡೋದು ಅತಿಯಾಯ್ತು. ಅಮೆರಿಕದ ಅರಿಝೋನಾದಲ್ಲಿ ನಿಜವಾದ ಸ್ಥಾವರದಲ್ಲೇ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಅಲ್ಲಿನ ಗಾಳಿ ಹತ್ತಿರದ ಮರುಭೂಮಿಗಿಂತ 3ರಿಂದ 4 ಡಿಗ್ರಿ ಸೆಲ್ಸಿಯಸ್ ಬಿಸಿ ಇತ್ತು. ನನ್ನ ಪ್ರೋಗ್ರಾಂ ಅಷ್ಟು ತೋರಿಸುತ್ತಿಲ್ಲ.

ಮಳೆಯ ತಂಟೆಗೆ ಈಗಲೇ ಹೋಗಲ್ಲ. ಇಡೀ ಸಹಾರಾಕ್ಕೆ ಪ್ಯಾನಲ್, ಗಾಳಿಯಂತ್ರ ಹಾಕಿದರೆ ಮಳೆ ಹೆಚ್ಚುತ್ತದೆ ಅಂತ 2018ರ ಒಂದು ಹವಾಮಾನ ಮಾಡೆಲ್ ತೋರಿಸಿತ್ತು. ಕಪ್ಪು ನೆಲ ಕಾಯುತ್ತದೆ, ಗಾಳಿ ಮೇಲೇರುತ್ತದೆ, ತೇವದ ಗಾಳಿ ಒಳನುಗ್ಗುತ್ತದೆ. ಆದರೆ ಅದು ಖಂಡದ ಅಳತೆಯ ಕಲ್ಪನೆ, ಅದನ್ನು ಒಂದು ಪಾರ್ಕಿಗೆ ಅನ್ವಯಿಸೋದು ತಪ್ಪು. ನನ್ನ ಪ್ರೋಗ್ರಾಂನಲ್ಲಂತೂ ಪಕ್ಕದಿಂದ ಗಾಳಿ ಬೀಸೋದೇ ಇಲ್ಲ. ಮುಂದಿನ ಕೆಲಸ ಅದೇ: ಗಾಳಿಯ ವೇಗ ಸೇರಿಸಿ, ಪಾರ್ಕಿನ ಅಂಚು ದಾಟಿದ ಮೇಲೆ ಬಿಸಿ ಎಷ್ಟು ದೂರಕ್ಕೆ ಕರಗುತ್ತದೆ ಅಂತ ನೋಡುವುದು.